ಸುಡದ ಮುಂಬಯಿ

ರವಿವಾರ ಬೆಳಿಗ್ಗೆ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕನ್ನಡಿಯ ಮುಂದೆ ಕೂತ ಅಂದಪ್ಪ, ಮುಂಬಯಿಯ ತನ್ನ ನಾಲ್ಕಂತಸ್ತಿನ ಅಂಗಡಿಗೆ ಲಿಫ್ಟು ಹಾಕಿಸುವುದೋ ಬೇಡವೋ ಎಂದು ಯೋಚಿಸುತ್ತಿದ್ದ. ಅಂಥ ಅಂಗಡಿ ಎಲ್ಲೂ ಇರಲಿಲ್ಲ. ಅವನಿದ್ದದ್ದು ಇಳಕಲ್ಲಿನಲ್ಲಿ, ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಮಗ್ಗದ ಸದ್ದು ನಿಲ್ಲದ ಓಣಿಯ ಎರಡಂಕಣದ ಮನೆಯಲ್ಲಿ. ವಯಸ್ಸು ಐವತ್ತು, ಕೆಲಸ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವುದು. ಆದರೆ ೧೯೪೪ರ ಏಪ್ರಿಲ್ ಹದಿನಾಲ್ಕರ ಮಧ್ಯಾಹ್ನ ಮುಂಬಯಿ ಬಂದರಿನಲ್ಲಿ ಮದ್ದು ತುಂಬಿದ ಹಡಗು ಸಿಡಿದು, ಬೆಂಕಿ ಊರೊಳಗೆ ನುಗ್ಗಿ, ಮಸ್ಜಿದ್ ಬಂದರಿನ ಓಣಿಯಲ್ಲಿದ್ದ ಅವನ ಅಪ್ಪ ರಾಚಪ್ಪನ ಇಳಕಲ್ ಸೀರೆಯ ಅಂಗಡಿಯನ್ನು ಬೂದಿ ಮಾಡದೆ ಇದ್ದಿದ್ದರೆ ಆ ನಾಲ್ಕಂತಸ್ತು ಇರುತ್ತಿತ್ತು, ಇರಲೇಬೇಕಾಗಿತ್ತು. ಮೂವತ್ತು ವರ್ಷದಿಂದ ಅಂದಪ್ಪ ಆ ಸುಡದ ಮುಂಬಯಿಯನ್ನು ಒಂದು ದಿನವೂ ರಜೆ ಹಾಕದೆ ನಡೆಸಿಕೊಂಡು ಬಂದಿದ್ದ. ಇತಿಹಾಸದ ಮಾಸ್ತರನಾದ್ದರಿಂದ ಮನಸ್ಸಿಗೆ ಬಂದ ಹಾಗೆ ಜಿಗಿಯುತ್ತಿರಲಿಲ್ಲ, ಇಸವಿ ಹಿಡಿದು ಹೋಗುತ್ತಿದ್ದ. ಐವತ್ತೊಂದರಲ್ಲಿ ಎರಡನೇ ಅಂತಸ್ತು. ಐವತ್ತಾರರಲ್ಲಿ ರಾಜ್ಯಗಳು ಬೇರೆ ಬೇರೆಯಾದಾಗ ಸ್ವಲ್ಪ ಆತಂಕ, ಆಮೇಲೆ ನಿರಾಳ. ಐವತ್ತೆಂಟರಲ್ಲಿ ಕಾರು. ಧಾರವಾಡದ ಡಾಕ್ಟರೊಬ್ಬರ ಮಗಳು ಹೆಂಡತಿಯಾಗಿ ಬಂದಳು, ಹಾರ್ಮೋನಿಯಂ ನುಡಿಸುತ್ತಿದ್ದಳು. ಶೈಲಜಾ ಎಂಬ ಮಗಳು ಕಾನ್ವೆಂಟಿಗೆ ಹೋದಳು. ಆ ಮುಂಬಯಿಯ ಅಂದಪ್ಪನಿಗೆ ಈ ಇಳಕಲ್ಲಿನ ಅಂದಪ್ಪ ಎಲ್ಲಾದರೂ ಎದುರಾದರೆ ಆತ ಮುಖ ಸಿಂಡರಿಸಿ ಪಕ್ಕಕ್ಕೆ ಸರಿಯುತ್ತಿದ್ದ ಎಂಬುದರಲ್ಲಿ ಇವನಿಗೆ ಸಂಶಯವಿರಲಿಲ್ಲ. ಹಾಗೆ ಸರಿಯುವುದು ಸರಿಯೆಂದೂ ಅನಿಸುತ್ತಿತ್ತು.

ಇಳಕಲ್ಲನ್ನು ಅವನು ಊರೆಂದು ಒಪ್ಪಿಕೊಂಡಿರಲಿಲ್ಲ, ಬೆಂಕಿ ಮಾಡಿದ ತಪ್ಪು ಎಂದು ತಿಳಿದಿದ್ದ. ಇಲ್ಲಿಯ ಜನ ಗ್ರಾನೈಟಿನ ಧೂಳು ಮೈಗೆ ಹಚ್ಚಿಕೊಂಡು, ಇಲ್ಲವೇ ಮಗ್ಗದ ಕುಣಿಯಲ್ಲಿ ಸೊಂಟದ ತನಕ ಇಳಿದು ಕೂತು ಜೀವಮಾನ ಕಳೆಯುತ್ತಾರೆ, ಸಂಜೆ ಚುರುಮರಿ ತಿಂದು ಜಗತ್ತೇ ಗೆದ್ದವರ ಹಾಗೆ ತೇಗುತ್ತಾರೆ ಎಂದು ಅವನ ಲೆಕ್ಕ. ಹೆಡ್‌ಮಾಸ್ತರರಿಗೆ ಪಾಣಿಪತ್ತಿನ ಮೂರು ಯುದ್ಧಗಳಲ್ಲಿ ಯಾವುದು ಯಾವಾಗಿನದು ಎಂಬುದು ಗೊತ್ತಿರಲಿಲ್ಲ, ಹಳದಿ ಹಲ್ಲು ತೋರಿಸಿ ನಗುವುದು ಮಾತ್ರ ಗೊತ್ತಿತ್ತು. ವರ್ಷಕ್ಕೊಮ್ಮೆ ಹುಡುಗರನ್ನು ಬಾದಾಮಿ, ಪಟ್ಟದಕಲ್ಲಿಗೆ ಕರೆದುಕೊಂಡು ಹೋದಾಗ ಅವು ಚಾಲುಕ್ಯರ ಕಲ್ಲಿಗೆ ಬೆನ್ನು ತಿರುಗಿಸಿ ಮಂಗಗಳಿಗೆ ಶೇಂಗಾ ಎಸೆಯುವುದನ್ನು ನೋಡಿ ಅಂದಪ್ಪನಿಗೆ ಒಂದು ಬಗೆಯ ತೃಪ್ತಿಯಾಗುತ್ತಿತ್ತು, ತಾನು ಅಂದುಕೊಂಡದ್ದು ಸುಳ್ಳಲ್ಲ ಎಂಬ ತೃಪ್ತಿ. ಬಂದೇನವಾಜನ ಚಹಾದ ಅಂಗಡಿಯಲ್ಲಿ ಕೂತು ಅವನು ಮುಂಬಯಿ ಬೆಂಕಿಯ ಮಾತು ತೆಗೆದರೆ, ಮೊದಲೇ ನೂರು ಸಲ ಕೇಳಿದವರು ಕೂಡ ಚಹಾದ ಬಸಿ ಕೆಳಗಿಟ್ಟು ಕೇಳುತ್ತಿದ್ದರು. "ಹೌದ್ರಿ ಮಾಸ್ತರ, ಆ ಬೆಂಕಿ ಬೀಳಲಿಲ್ಲಂದ್ರ ನೀವು ಇಲ್ಲಿ ಯಾಕ ಇರ್ತಿದ್ರಿ" ಎಂದು ಬಂದೇನವಾಜ ಪ್ರತಿ ಸಲವೂ ಅದೇ ಮೆತ್ತಗಿನ ದನಿಯಲ್ಲಿ ಅನ್ನುತ್ತಿದ್ದ. ಯಾರೂ ಎದುರು ಮಾತಾಡುತ್ತಿರಲಿಲ್ಲ, ನಗುತ್ತಿರಲಿಲ್ಲ. ದಡ್ಡರಾದರೂ ದೊಡ್ಡ ಮನೆತನಕ್ಕೆ ಮರ್ಯಾದೆ ಕೊಡುವುದು ಗೊತ್ತಿದೆ ಎಂದು ಅಂದಪ್ಪ ಅವರನ್ನು ಅಷ್ಟರ ಮಟ್ಟಿಗೆ ಕ್ಷಮಿಸಿದ್ದ.

"ಏ ಅಂದಪ್ಪ, ಜಲ್ದಿ ಮುಗಸೋ. ಹನ್ನೊಂದರ ಬಸ್ಸಿಗೆ ಬರ್ತಾರ ಅವರು" ಎಂದು ಒಳಗಿಂದ ತಾಯಿ ಗುರುಲಿಂಗವ್ವ ಕೂಗಿದಳು. ಅವರೆಂದರೆ ಮಗಳನ್ನು ನೋಡಲು ಬರುವವರು. ಸಿದ್ದವ್ವನಿಗೆ ಇಪ್ಪತ್ತೇಳು. ತೀರಿಕೊಂಡ ಹೆಂಡತಿ ಹಸಿಬಾಣಂತಿಯಾಗಿ ಮಲಗಿದ್ದಾಗ ಹೆಸರು ಏನಿಡೋಣ ಎಂದು ಕೇಳಿದ್ದಳು, ಅಂದಪ್ಪ ಪೇಪರು ಓದುತ್ತ ಯಾವುದಾದರೂ ಇಡು ಎಂದಿದ್ದ. ಸತ್ತ ಸೋದರತ್ತೆಯ ಹೆಸರು ಹುಡುಗಿಗೆ ಅಂಟಿತು. ಈಗ ಅವಳು ಎದುರುಮನೆಯ ನೇಕಾರ ಪಾಂಡಪ್ಪನಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಹಿತ್ತಿಲಲ್ಲಿ ಅವಳ ರಾಟಿ ತಿರುಗುವ ಸದ್ದು ತನ್ನ ಮನೆಯದಲ್ಲ, ಪಕ್ಕದ ಮನೆಯದು ಎಂದು ಅಂದಪ್ಪ ಆರು ವರ್ಷದಿಂದ ನಂಬಿದ್ದ. ಈ ಮೊದಲು ಮೂರು ಸಂಬಂಧ ಬಂದಿದ್ದವು. ಗುಡೂರಿನ ಪ್ರಾಥಮಿಕ ಸಾಲಿ ಮಾಸ್ತರ, ಬಾದಾಮಿಯ ಅರಿವೆ ಅಂಗಡಿಯವ, ಹುನಗುಂದದ ಕೋರ್ಟಿನ ಕಾರಕೂನ. ಮೂವರಿಗೂ ಚಹಾ ಕೊಟ್ಟು, ಅಪ್ಪನ ಟ್ರಂಕಿನಿಂದ ಅರ್ಧ ಸುಟ್ಟ ಸೀರೆಯನ್ನು ತೆಗೆದು ತೋರಿಸಿ, ಮುಂಬಯಿ ಬೆಂಕಿಯಲ್ಲಿ ಉಳಿದದ್ದು ಇದೊಂದೇ ಎಂದು ಹೇಳಿ, ಅವರು ಅದನ್ನು ಹೇಗೆ ನೋಡುತ್ತಾರೆ ಎಂದು ಅಂದಪ್ಪ ನೋಡಿದ್ದ. ಗುಡೂರಿನವ ಆಕಳಿಸಿದ್ದ. ಬಾದಾಮಿಯವ ಸೀರೆಗೆ ಈಗ ಏನು ಬೆಲೆ ಬರಬಹುದೆಂದು ಕೇಳಿದ್ದ. ಹುನಗುಂದದವ ಮಾತ್ರ ಅಯ್ಯೋ ಎಂದಿದ್ದ, ಆದರೆ ಬಾಯಲ್ಲಿ ಉಪ್ಪಿಟ್ಟು ಇಟ್ಟುಕೊಂಡು ಅಂದಿದ್ದ. ಅಂಥವರ ಮನೆಗೆ ಮುಂಬಯಿ ರಾಚಪ್ಪನ ಮೊಮ್ಮಗಳು ಹೋಗುವುದು ಸಾಧ್ಯವಿರಲಿಲ್ಲ. ಈ ನಾಲ್ಕನೆಯವನಂತೂ ಅಮೀನಗಡದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಅಂದರೆ ಬೇರೆಯವರು ಹತ್ತಿ ಹೋಗುವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆದಿಡುವವ. ಗಲ್ಲಕ್ಕೆ ಬ್ಲೇಡು ತಾಗಿ ರಕ್ತ ಬಂತು. ನಿನ್ನೆ ರಾತ್ರಿ ಊಟಕ್ಕೆ ಬಡಿಸುವಾಗ ಮಗಳು, ತಲೆ ತಗ್ಗಿಸಿಕೊಂಡೇ, "ಯಪ್ಪಾ, ಈ ಸಲ ಸೀರಿ ತಗೀಬ್ಯಾಡ" ಎಂದಿದ್ದಳು. ಅದು ನೆನಪಾಗಿ ಅವನಿಗೆ ಸಿಟ್ಟು ಬಂತು. ಸೀರೆ ತೆಗೆಯದಿದ್ದರೆ ತಾನು ಯಾರೆಂದು ಬಂದವರಿಗೆ ಹೇಗೆ ತಿಳಿಯಬೇಕು?

ಬಂದವರು ಇಬ್ಬರೇ. ಹುಡುಗ ಮಹಾಂತಪ್ಪ, ಮೂವತ್ತರ ಆಸುಪಾಸು, ಕೈಯಲ್ಲಿ ಕರದಂಟಿನ ಪೊಟ್ಟಣ. ಅವನ ಅಜ್ಜ ಅಮಾತೆಪ್ಪ, ಎಂಬತ್ತು ದಾಟಿದ ಸಣಕಲ ಮನುಷ್ಯ, ತಾಯಿ ತಂದೆ ಇಲ್ಲದ ಮೊಮ್ಮಗನನ್ನು ತಾನೇ ಸಾಕಿದವ. ಅಜ್ಜ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಕೈಜೋಡಿಸಿ, ಅಂದಪ್ಪನ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. "ಶರಣ್ರಿ. ನಿಮ್ಮ ಮೂಗು ಅಪ್ಪನ ಮೂಗ ಐತಿ ನೋಡ್ರಿ" ಎಂದ. ಹಳ್ಳಿಗರ ಈ ಸಲುಗೆ ಅಂದಪ್ಪನಿಗೆ ಸೇರುವುದಿಲ್ಲ. ಚಾಪೆಯ ಮೇಲೆ ಕೂತ ಹುಡುಗ ಕಿಟಕಿಯಾಚೆ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಕೈಗಡಿಯಾರ ನೋಡಿಕೊಳ್ಳುತ್ತಿದ್ದ, ನೋಡಿಕೊಂಡು ನಾಚಿಕೊಳ್ಳುತ್ತಿದ್ದ. ಸಿದ್ದವ್ವ ಅವಲಕ್ಕಿಯ ತಾಟು ತಂದಿಟ್ಟಳು. "ಕುಂದರ್ರಿ ನೀವೂ" ಎಂದ ಹುಡುಗ. ಅವಳು ಕೂತಳು. ಅವಳ ಬೆರಳ ತುದಿಗೆ ಹತ್ತಿದ ನೂಲಿನ ಕೆಂಪು ಬಣ್ಣ ನೋಡಿ, "ಕಂಡಿಕಿ ಸುತ್ತತೀರೇನ್ರಿ?" ಎಂದು ಕೇಳಿದ. "ಹೌದ್ರಿ" ಅಂದಳು ಅವಳು, ಅಪ್ಪನ ಕಡೆ ನೋಡದೆ. "ನಮ್ಮವ್ವನೂ ಸುತ್ತತಿದ್ಲು" ಎಂದ ಆತ. ಅಷ್ಟಕ್ಕೇ ಇಬ್ಬರ ಮುಖವೂ ಒಂದು ಥರ ಸಡಿಲವಾಯಿತು. ಅಂದಪ್ಪ ಅದನ್ನು ಕಂಡ. ಕಂಡಿಕೆಯ ಮೇಲೆ ಕಂಡಿಕೆ, ಬಸ್ಸಿನ ಮೇಲೆ ಬಸ್ಸು, ಇವರ ಆಸೆ ಇಷ್ಟಕ್ಕೇ ತೃಪ್ತಿಯಾಗುವಂಥದು. ಸುಡದ ಮುಂಬಯಿಯಲ್ಲಿ ಶೈಲಜಾಳನ್ನು ನೋಡಲು ಹೋದ ಸಲ ಬಂದವ ವಿಮಾನದ ಇಂಜಿನಿಯರು. ಅಂದಪ್ಪ ಎದ್ದು ಟ್ರಂಕಿನ ಬೀಗ ತೆಗೆದ. ಗುರುಲಿಂಗವ್ವ ಬಾಗಿಲಲ್ಲಿ, "ಬ್ಯಾಡೋ" ಎಂದಳು. ಸಿದ್ದವ್ವ ಅವಲಕ್ಕಿಯ ತಾಟನ್ನು ಪಕ್ಕಕ್ಕೆ ಸರಿಸಿದಳು.

ಬೇವಿನ ಸೊಪ್ಪಿನ ನಡುವೆ ಇಟ್ಟಿದ್ದ ಸೀರೆಯನ್ನು ಅವನು ಎರಡೂ ಕೈಯಿಂದ ಎತ್ತಿ ಚಾಪೆಯ ಮೇಲೆ ಹರವಿದ. ಕಪ್ಪಾದ ನೀಲಿ ಹತ್ತಿಯ ಒಡಲು ಅರ್ಧಕ್ಕೆ ಸುಟ್ಟು ಹೋಗಿತ್ತು. ಕೆಂಪು ಸೆರಗು ಮೂಲೆಯಲ್ಲಿ ಮಾತ್ರ ಕರಿದಾಗಿತ್ತು, ಮಿಂಚು ಇನ್ನೂ ಉಳಿದಿತ್ತು. "ನಮ್ಮ ತಂದಿಯವರ ಅಂಗಡಿ. ಮುಂಬಯಿ ಬೆಂಕಿಯೊಳಗ ಉಳದದ್ದು ಇದೊಂದ" ಎಂದು ಅಂದಪ್ಪ ಪಾಠ ಶುರು ಮಾಡಿದ. ಹಡಗಿನ ಕತೆ, ಗೋಡೆ ಸೀಳಿ ಹಾರಿಬಂದ ಬಂಗಾರದ ಗಟ್ಟಿಗಳ ಕತೆ, ಉರಿಯುತ್ತ ಆಕಾಶದಿಂದ ಉದುರಿದ ಅರಳೆಯ ಕತೆ. ಹೇಳುತ್ತ ಹೇಳುತ್ತ ಬೇಸರಕ್ಕೆ ಹುಡುಗನ ಕಣ್ಣು ಸಣ್ಣದಾಗುವುದನ್ನು ಕಾಯುತ್ತಿದ್ದ. ಆಗ ಅಮಾತೆಪ್ಪ ಒಂದು ಕೆಲಸ ಮಾಡಿದ. ಬೇಕಂತ ಮಾಡಿದ್ದಲ್ಲ, ಅರವತ್ತು ವರ್ಷ ಸೀರೆ ವ್ಯಾಪಾರದಲ್ಲಿ ಸವೆದ ಕೈ ತಾನಾಗಿ ಮಾಡಿತು. ಸೆರಗು ಮುಂದಿದ್ದರೆ ಅದರ ಅಂಚಿನಿಂದ ಒಂದು ಎಳೆ ಕೀಳುವುದು, ಕಡ್ಡಿ ಕೊರೆದು ಸುಡುವುದು, ಮೂಗಿಗೆ ಹಿಡಿಯುವುದು. ಇಳಕಲ್ಲಿನಲ್ಲಿ ಹಾಲು ಮುಟ್ಟಿ ನೋಡಿದಷ್ಟೇ ಸಹಜ ಅದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಕಡ್ಡಿ ಉರಿಯಿತು, ಎಳೆ ಭಗ್ಗನೆ ಹತ್ತಿ ಆರಿಹೋಯಿತು. ಮುದುಕ ಮೂಗಿನ ಹತ್ತಿರ ತಂದವ ಅಲ್ಲೇ ತಡೆದು, ಕಳವು ಮಾಡಿ ಸಿಕ್ಕಿಬಿದ್ದವನ ಹಾಗೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಆದರೆ ವಾಸನೆ ಅಷ್ಟರಲ್ಲಿ ಎರಡಂಕಣದ ಮನೆಯಲ್ಲೆಲ್ಲ ಹರಡಿತ್ತು. ಸಾಲಿಯ ಹಿತ್ತಿಲಲ್ಲಿ ಹಳೆಯ ಉತ್ತರಪತ್ರಿಕೆ ಸುಟ್ಟಾಗ ಬರುವ ವಾಸನೆಯೇ ಅದು.

"ಕಾಗದದ ವಾಸನಿ" ಎಂದ ಅಂದಪ್ಪ. "ರೇಶ್ಮಿ ಅಲ್ಲೇನಿದು?"

"ತಪ್ಪಾತ್ರಿ ಮಾಸ್ತರ, ಕೈ ಚಟ" ಎಂದ ಅಮಾತೆಪ್ಪ. "ಹಳೀ ಮಾತು ಅದು, ಬಿಡ್ರಿ."

"ಯಾವ ಹಳೀ ಮಾತು?"

ಮುದುಕ ಗುರುಲಿಂಗವ್ವನನ್ನು ನೋಡಿದ. ಆಕೆ ಗೋಡೆ ಹಿಡಿದು ಕೂತಿದ್ದಳು. "ನಿಮಗ ಗೊತ್ತೈತಿ ಅಂತ ತಿಳದಿದ್ನಿ" ಎಂದು ಅಮಾತೆಪ್ಪ ಶುರು ಮಾಡಿದ. "ನಿಮ್ಮಪ್ಪನ ಬಾಜೂ ಅಂಗಡ್ಯಾಗ ನಾ ಗುಮಾಸ್ತ ಇದ್ನಿ. ಆ ಓಣ್ಯಾಗ ನಮ್ಮ ಕಡೆಯವರವು ಏಳು ಅಂಗಡಿ. ನಿಮ್ಮಪ್ಪ ಒಂದು ವರ್ಷ ಸೆರಗಿಗೆ ಈ ನಕಲಿ ರೇಶ್ಮಿ ಹಾಕಿಸಿ, ಖರೇ ರೇಶ್ಮಿ ಅಂತ ಮಾರಿದಾ. ಪುಣೇದ ಗಿರಾಕಿ ಸೀರಿ ಹೊತ್ತಗೊಂಡು ತಿರುಗಿ ಬಂದ್ರು. ಇಳಕಲ್ ಅನ್ನೂ ಹೆಸರ ಹೋಗತೈತಿ ಅಂತ ಉಳದ ಆರೂ ಅಂಗಡಿಯವರು ಕೂಡಿ, ಎಳಿ ಸುಟ್ಟು ನೋಡಿ, ಇದ್ದ ಮಾಲೆಲ್ಲ ಬೀದಿಗೆ ತಂದು ಬೆಂಕಿ ಹಚ್ಚಿದ್ರು. ನಿಮ್ಮಪ್ಪ ಅದರಾಗಿಂದ ಒಂದು ಸೀರಿ ಎಳಕೊಂಡು ಊರಿಗೆ ಬಂದಾ. ಬಂದರದ ಬೆಂಕಿ ಅದಾದ ಎರಡು ವರ್ಷಕ್ಕ ಬಿತ್ರಿ. ನಮ್ಮ ಓಣಿಗೆ ಅದು ಬರಲೇ ಇಲ್ಲ. ಎರಡು ಓಣಿ ಆಚೀಕ ನಿಂತಿತು. ಕಿಟಕಿ ಗಾಜು ಒಡದೂವು, ಅಷ್ಟ. ಆ ಆರೂ ಅಂಗಡಿ ಇವತ್ತಿಗೂ ಅದಾವ." ಆಮೇಲೆ ದನಿ ಇನ್ನೂ ತಗ್ಗಿಸಿ ಹೇಳಿದ: "ಆವತ್ತು ಕಡ್ಡಿ ಕೊರದಾಂವ ನಾನ ಅದೀನಿ, ಮಾಸ್ತರ. ಮಾಲಕ ಹೇಳಿದ, ನಾ ಕೊರದ್ನಿ. ನಲವತ್ತು ವರ್ಷ ಆತು, ನಿಮ್ಮಪ್ಪ ನಿಂತ ರೀತಿ ಕಣ್ಣಾಗ ಐತಿ. ನಿಮ್ಮ ಮಗಳು ಅಂತ ಗೊತ್ತಾದ ಮ್ಯಾಲ ನಾನ ಇವಗ ಹೇಳಿದ್ನಿ, ಆ ಮನಿಗೇ ಹೋಗೂಣು ಅಂತ."

ಅಂದಪ್ಪನಿಗೆ ಆಶ್ಚರ್ಯವಾಗಲಿಲ್ಲ. ಅದೇ ಅವನನ್ನು ಹೆದರಿಸಿತು. ಧಾರವಾಡದಲ್ಲಿ ಬಿ.ಎಡ್. ಓದುವಾಗ ಲೈಬ್ರರಿಯ ಒಂದು ಪುಸ್ತಕದಲ್ಲಿ, ಬಂದರದ ಬೆಂಕಿಯಲ್ಲಿ ಹಾನಿಯಾದವರಿಗೆಲ್ಲ ಸರ್ಕಾರ ಪರಿಹಾರ ಕೊಟ್ಟಿತು ಎಂಬ ಸಾಲು ಬಂದಾಗ, ಅಪ್ಪನಿಗೆ ಬಿಡಿಗಾಸೂ ಬಂದಿರಲಿಲ್ಲವೆಂದು ಹೊಳೆಯುವ ಮೊದಲೇ, ಅವನು ಪುಸ್ತಕ ಮುಚ್ಚಿ ಹೊರಗೆ ಹೋಗಿ ಪೇರಲ ಹಣ್ಣು ತಿಂದಿದ್ದ, ಮತ್ತೆ ಆ ಕಪಾಟಿನ ಕಡೆ ಹೋಗಿರಲಿಲ್ಲ. ಅಪ್ಪ ಮುಂಬಯಿ ಬಿಟ್ಟು ಮೋಟಾರಿನಿಂದ ಇಳಿದು ಬಂದಾಗ ತಾನು ಸಾಲಿಯಲ್ಲಿ ನಾಲ್ಕನೇ ಇಯತ್ತೆ. ಕೈಯಲ್ಲಿ ಕಟ್ಟು ಒಡೆದ ಪಾಟಿ ಇತ್ತು, ಓಡಿ ಹೋಗಿ ಕಾಲು ಹಿಡಿದರೆ ಅಪ್ಪ ಮುಟ್ಟಲಿಲ್ಲ. ಆಗಿನ ಹೆಡ್‌ಮಾಸ್ತರರು ಅಂಗಳದಲ್ಲಿ ನಿಂತು ಮುಂಬಯಿ ಹೊತ್ತಿದ ಸುದ್ದಿಯನ್ನು ಪೇಪರಿನಿಂದ ಓದಿದಾಗ ಆರನೇ ಇಯತ್ತೆ. ಊರಿನ ಹುಡುಗರನ್ನೆಲ್ಲ ಇಸವಿ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ ಇತಿಹಾಸದ ಮಾಸ್ತರ, ಈ ಎರಡು ವರ್ಷವನ್ನು ಒಂದರ ಪಕ್ಕ ಒಂದು ಇಟ್ಟು ಒಂದು ಸಲವೂ ನೋಡಿರಲಿಲ್ಲ. ಆ ದಿನ ಸಾಲಿಯಿಂದ ಓಡುತ್ತ ಬಂದು, ಎರಡು ವರ್ಷದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದ ಅಪ್ಪನಿಗೆ "ಯಪ್ಪಾ, ಮುಂಬಯಿ ಸುಟ್ಟತಂತ!" ಎಂದು ಕೂಗಿ ಹೇಳಿದವ ತಾನೇ. ಅಪ್ಪ ತಿರುಗಿ, "ಯಾವ ಓಣಿ?" ಎಂದು ಕೇಳಿದ. ಮಸ್ಜಿದ್ ಬಂದರ್ ಅಂತ ಪೇಪರಿನಲ್ಲಿದ್ದದ್ದನ್ನು ಅಂದಪ್ಪ ಹೇಳಿದ. ಅಪ್ಪ ಎದ್ದು ಕೂತ. ಮುಖ ತೊಳೆದ. ಅವ್ವನಿಗೆ ರೊಟ್ಟಿ ಹಾಕು ಎಂದ. ಮಾರನೆಯ ದಿನ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ಬೆಂಕಿಯಲ್ಲಿ ಹೋಯಿತು ಎಂದು ಹೇಳತೊಡಗಿದ. ಕೊನೆಗೂ ಅಪ್ಪ ಉಂಡ ಎಂದು ಆವತ್ತು ತಾನು ಪಟ್ಟ ಸಂತೋಷ ನೆನಪಾಗಿ ಅಂದಪ್ಪನಿಗೆ ಮೈಯೆಲ್ಲ ಅಸಹ್ಯವಾಯಿತು. ಹಾಗಾದರೆ ಮುಂಬಯಿ ಸುಡದಿದ್ದರೂ ಇಷ್ಟೇ. ಬೆಂಕಿ ಬೀಳದ ಜಗತ್ತು ಅಂತ ಬೇರೆ ಒಂದಿರಲಿಲ್ಲ. ಈ ಎರಡಂಕಣ, ಈ ಹಳದಿ ಹಲ್ಲಿನ ಹೆಡ್‌ಮಾಸ್ತರ, ಈ ಅವಲಕ್ಕಿ, ಇದೇ ಅದು. ಅವನು ಹುಟ್ಟಿದಾಗಿನಿಂದ ಅದರೊಳಗೇ ಇದ್ದ.

"ಓಣ್ಯಾಗ ಎಲ್ಲಾರಿಗೂ ಗೊತ್ತೇನು?" ಎಂದು ತಾಯಿಯನ್ನು ಕೇಳಿದ.

"ಇಳಕಲ್ಲಾಗ ಸೆರಗಿನ ಸುದ್ದಿ ಮುಚ್ಚತಾವೇನೋ?" ಎಂದಳು ಗುರುಲಿಂಗವ್ವ. "ಮೊದಲ ಮೊದಲ ನಿಮ್ಮಪ್ಪನ ಮುಖ ನೋಡಿ ಸುಮ್ಮಕಿದ್ರು. ಆಮ್ಯಾಲ ನಿನ್ನ ಮುಖ ನೋಡಿ."

ಬಂದೇನವಾಜ, ಪಾಂಡಪ್ಪ, ಹೆಡ್‌ಮಾಸ್ತರ, ಬಸಿ ಕೆಳಗಿಟ್ಟು ಕೇಳಿದವರೆಲ್ಲ ಒಬ್ಬೊಬ್ಬರಾಗಿ ಅವನ ಕಣ್ಣ ಮುಂದೆ ಬಂದು ಹೋದರು. ಮೂವತ್ತು ವರ್ಷ ಅವರನ್ನು ಕಾಲ ಕಸಕ್ಕಿಂತ ಕಡೆಯಾಗಿ ಕಂಡಿದ್ದ, ಅವರು ಮೂವತ್ತು ವರ್ಷ ಅವನನ್ನು ಕಾಪಾಡಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈಗ ಎದುರಿಗೆ ಈ ಬಸ್ಸಿನ ಹುಡುಗ ಕೂಡ ತಲೆ ತಗ್ಗಿಸಿ ಚಾಪೆಯ ಕಡ್ಡಿ ಎಣಿಸುತ್ತಿದ್ದ, ಮಾವನಾಗುವವನ ಮಾನ ಕಾಯಲು. ಒಂದು ಮಾತು ಅಂದರೆ ಸಾಕಿತ್ತು, ಆಯಿತು ಕೊಡುತ್ತೇನೆ ಎಂದು. ಮಗಳ ಇಪ್ಪತ್ತೇಳು ವರ್ಷ ಆ ಒಂದು ಮಾತಿಗಾಗಿ ಚಾಪೆಯ ತುದಿಯಲ್ಲಿ ಕೂತಿತ್ತು, ಅಂದಪ್ಪನಿಗೆ ಅದು ಕಾಣುತ್ತಿತ್ತು. ಕಂಡರೂ, ಎಲ್ಲ ಗೊತ್ತಿದ್ದೂ ಉಪಕಾರ ಮಾಡಲು ಬಂದವರ ಕೈಯಿಂದ ತೆಗೆದುಕೊಳ್ಳುವುದಕ್ಕಿಂತ ಸಾಯುವುದೇ ಲೇಸು ಅನಿಸಿತು.

"ನಮ್ಮಪ್ಪನ ಮಾಲಿಗೆ ಬೆಂಕಿ ಹಚ್ಚಿದ ಮನಿತನ ನಿಮ್ಮದು" ಎಂದ. ತನ್ನ ದನಿ ಕ್ಲಾಸಿನಲ್ಲಿದ್ದ ಹಾಗೆ ಏರಿದ್ದು ಅವನಿಗೇ ಕೇಳಿಸಿತು. "ಬಸ್ಸ್ ಎಣಸಾವಂಗ ನಾ ಮಗಳ್ನ ಕೊಡೂದಿಲ್ಲ. ಏಳ್ರಿ."

ಮೊಮ್ಮಗ ಅಜ್ಜನ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದ, "ಬರ್ತೇವ್ರಿ" ಎಂದು ಸಿದ್ದವ್ವನ ಕಡೆ ನೋಡದೆ ಹೇಳಿದ. ಚಪ್ಪಲಿ ಮೆಟ್ಟುವ ಸದ್ದಾಯಿತು. ಇಬ್ಬರೂ ಬಿಸಿಲಿಗೆ ಇಳಿದರು.

ಸಿದ್ದವ್ವ ಸೀರೆಯನ್ನು ಮಡಿಚಿದಳು. ಅಂಚಿಗೆ ಅಂಚು ಸೇರಿಸಿ, ಸುಟ್ಟ ಮೂಲೆ ಒಳಗಾಗುವ ಹಾಗೆ, ನೇಕಾರರ ಓಣಿಯಲ್ಲಿ ಬೆಳೆದವಳು ಮಡಿಚುವ ಹಾಗೆ. ಅಪ್ಪನ ಮುಂದೆ ಇಟ್ಟಳು. ಅವಳಿಗೆ ಅಳು ಬಂದಿರಲಿಲ್ಲ. "ಯಪ್ಪಾ, ಒಂದು ಕೇಳ್ತೇನಿ" ಎಂದಳು. "ಬೆಂಕಿ ಬೀಳಲಿಲ್ಲಂದ್ರ ಹಂಗಿರ್ತಿದ್ನಿ, ಹಿಂಗಿರ್ತಿದ್ನಿ ಅಂತ ದಿನಾ ಹೇಳ್ತೀಯಲ್ಲ. ಅಲ್ಲಿ ನಾ ಇದ್ನೇನು?"

ಇದ್ದೆ ಎಂದು ಸುಳ್ಳು ಹೇಳಬಹುದಾಗಿತ್ತು. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ವರ್ಷ ಸಾಕಿದವನಿಗೆ ಈ ಸಣ್ಣದೊಂದು ಬಾಯಿಗೆ ಬರಲಿಲ್ಲ. ಅಂದಪ್ಪ ಮಗಳ ಬೆರಳಿನ ಕೆಂಪನ್ನು ನೋಡುತ್ತ ಕೂತ. ಸಿದ್ದವ್ವ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಹೊರಗೆ ಹೋದಳು.

ಅವನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಓಣಿಯ ನಡುಮಧ್ಯೆ ಇದ್ದಳು. ಅವಳು ದಾಟಿದ ಮನೆಯಲ್ಲೆಲ್ಲ ಮಗ್ಗ ನಿಲ್ಲುತ್ತ ಹೋಯಿತು. ಇಡೀ ಓಣಿ ಹೀಗೆ ಸುಮ್ಮನಾದದ್ದನ್ನು ಅಂದಪ್ಪ ಎಂದೂ ಕೇಳಿರಲಿಲ್ಲ. ತಿರುವಿನಲ್ಲಿ ಅಜ್ಜ ಮೊಮ್ಮಗ ನಿಂತರು. ಸಿದ್ದವ್ವ ಏದುಸಿರು ಬಿಡುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನಮ್ಮಪ್ಪಗ ಮನಸಿಲ್ರಿ. ನನಗ ಐತಿ."

ಮಹಾಂತಪ್ಪ ತಾನು ನಿಂತಿದ್ದ ಮಾಳಿಗೆಯ ನೆರಳಿನಿಂದ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟ. ಬರಿಗಾಲು ಸುಡುತ್ತಿದ್ದವಳು ಆ ನೆರಳಿಗೆ ಹೋಗಿ ನಿಂತಳು. ಮುದುಕ ಅವಳ ತಲೆಯ ಮೇಲೆ ಕೈಯಿಟ್ಟ.

ಅಂದಪ್ಪ ಹೊಸ್ತಿಲಲ್ಲಿ ನಗುವಿಗಾಗಿ ಕಾದ. ಒಂದು ಕಿಟಕಿಯಿಂದಾದರೂ ಕೇಕೆ ಬರಲಿ, ಯಾರಾದರೂ ಒಬ್ಬ ಹಲ್ಲು ಕಿಸಿಯಲಿ, ಆಗ ಇವರನ್ನೆಲ್ಲ ಮತ್ತೆ ಮೊದಲಿನ ಹಾಗೆ ತಿರಸ್ಕರಿಸಬಹುದು ಎಂದು ಬೇಡಿಕೊಂಡ. ಯಾರೂ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಏನೂ ಕಾಣದವರ ಹಾಗೆ ಒಳಗೆ ಸರಿದರು. ಮಗ್ಗಗಳು ಒಂದೊಂದಾಗಿ ಮತ್ತೆ ಶುರುವಾದವು. ಎದುರಿನ ಕುಣಿಯಲ್ಲಿ ಸೊಂಟದ ತನಕ ಇಳಿದು ಕೂತಿದ್ದ ಪಾಂಡಪ್ಪ, ಲಾಳಿಯಿಂದ ಕಣ್ಣೆತ್ತದೆ, ಮೆತ್ತಗಿನ ದನಿಯಲ್ಲಿ ಹೇಳಿದ:

"ಬಿಸಲು ಭಾಳ ಐತ್ರಿ ಮಾಸ್ತರ. ಒಳಗ ನಡೀರಿ."

ಅಂದಪ್ಪ ಒಳಗೆ ನಡೆದ.